ಆಸ್ಪತ್ರೆಯ ನಂಬರು

"ಎಷ್ಟು ಹೊತ್ತಿನಿಂದ ಹೀಗೆ?"

ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಅವಳು ಕೇಳಿದಳು. ಎದುರಿನ ಕಂಬಕ್ಕೆ ಕಟ್ಟಿದ್ದ ನಾಯಿ ಬೊಗಳಿ ಬೊಗಳಿ ತಲೆ ಚಿಟ್ಟು ಹಿಡಿಸಿತ್ತು. ಪ್ರಾಣಿಗಳ ಆಸ್ಪತ್ರೆಯ ಈ ಮೇಜಿನ ಮುಂದೆ ಕೂತು ಕೂತು ಅವಳ ಬಾಯಿ ತಾನಾಗಿ ಕೇಳುತ್ತಿತ್ತು, ಕೈ ತಾನಾಗಿ ಬರೆಯುತ್ತಿತ್ತು.

"ನಿನ್ನೆ ಸಂಜೆಯಿಂದ ಮೇಡಂ. ಮರಳಿನ ತಟ್ಟೇಲಿ ಹೋಗಿ ಕೂರ್ತಾನೆ, ತಿಣುಕ್ತಾನೆ, ಒಂದು ಹನಿನೂ ಬರಲ್ಲ. ಬಕೆಟ್ ಹಿಂದೆ ಹೋಗಿ ಅಡಗಿಕೊಳ್ತಾನೆ. ಮುಟ್ಟಿದ್ರೆ ಕಚ್ಚೋಕೆ ಬರ್ತಾನೆ. ಯಾವತ್ತೂ ಹೀಗೆ ಮಾಡಿದವನಲ್ಲ."

"ಗಂಡು ಬೆಕ್ಕಾ?"

"ಹೂಂ."

ಅವಳ ಕೈ ಚುರುಕಾಯಿತು. "ನೋಡಿ, ಇದು ನಾಳೆ ನಾಡಿದ್ದು ಅನ್ನೋ ವಿಷಯ ಅಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ರೆ ಜೀವಕ್ಕೇ ಅಪಾಯ. ಈಗಲೇ ಹೊರಡಿ. ದನಿ ಕೇಳಿದ್ರೆ ಚಿಕ್ಕೋಳ ಥರ ಇದೆ, ಮನೇಲಿ ದೊಡ್ಡವರಿಗೆ ಹೇಳಲಿಲ್ವಾ?"

"ಎರಡು ಸಲ ಹೇಳ್ದೆ. 'ಆಮೇಲೆ ನೋಡೋಣ, ಈಗ ತಲೆ ತಿನ್ಬೇಡ' ಅಂದ್ರು."

"ಎಂಥಾ ಜನಾನಪ್ಪ!" ಅವಳು ಗೊಣಗಿದಳು. "ಬೆಕ್ಕಿನ ಹೆಸರು?"



"ಸಾಹೇಬ."

ಪೆನ್ನು ನಿಂತಿತು. ಅದು ಅವಳ ಮನೆಯ ಬೆಕ್ಕೇ; ನಾಯಿಯ ಗಲಾಟೆಯಲ್ಲಿ ಸಿಗದಿದ್ದ ದನಿಯ ಗುರುತು ಈಗ ಸಿಕ್ಕಿತು. ನಿನ್ನೆ ಚಪ್ಪಲಿ ಬಿಡುವ ಮೊದಲೇ ಮಗಳು ಎದುರು ಬಂದು ನಿಂತದ್ದು, ಇವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ತೋಳು ಜಗ್ಗಿದ್ದು, ಎರಡೂ ಒಟ್ಟಿಗೆ ನೆನಪಾದವು. ದಿನವಿಡೀ ಊರವರ ಬೆಕ್ಕು ನಾಯಿಗಳ ಗೋಳು ಕೇಳಿದ ಕಿವಿ, ಮನೆಯ ಹೊಸಿಲು ದಾಟಿದೊಡನೆ ಮುಚ್ಚಿಕೊಂಡುಬಿಡುತ್ತಿತ್ತು.

"ಪುಟ್ಟೀ, ನನ್ನ ಮೊಬೈಲಿಗೆ ಮಾಡೋದಲ್ವೇನೇ?"

"ಮಾಡ್ದೆ. ಮೂರು ಸಲಾನೂ ಕಟ್ ಮಾಡ್ದೆ ನೀನು."

ಅರ್ಧ ಗಂಟೆಯಲ್ಲಿ ಮಗಳು ಶಾಲೆಯ ಸಮವಸ್ತ್ರದಲ್ಲೇ ಬಂದಳು. ಹಿಂದೆ ಏದುಸಿರು ಬಿಡುತ್ತ ಅಜ್ಜಿ, ಅವರ ಕೈಯಲ್ಲಿ ಟವೆಲು ಹೊದಿಸಿದ ತರಕಾರಿ ಬುಟ್ಟಿ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ ಬೆಕ್ಕನ್ನು ಒಳಗೆ ಎತ್ತಿಕೊಂಡು ಹೋದರು.

"ಸಿಡುಕು ಜಾಸ್ತಿ ಆಗಿದೆ, ವಯಸ್ಸಾಯ್ತು, ನನ್ನ ಹಾಗೇ ಅಂದ್ಕೊಂಡೆ ಕಣೇ," ಎಂದರು ಅಜ್ಜಿ ಸೊಸೆಗೆ. ಯಾರೂ ನಗಲಿಲ್ಲ.

ಡಾಕ್ಟರು ಹೊರಗೆ ಬಂದಾಗ ಅಂಗಳದಲ್ಲಿ ಬಿಸಿಲು ಇಳಿದಿತ್ತು. "ಸಣ್ಣ ಟ್ಯೂಬ್ ಹಾಕಿ ಮೂತ್ರ ಖಾಲಿ ಮಾಡಿದ್ದೀನಿ. ಎರಡು ದಿನ ಇಲ್ಲೇ ಇರ್ಲಿ. ಉಳ್ಕೋತಾನೆ ಅನ್ಸುತ್ತೆ. ನಾಳೆವರೆಗೆ ಬಿಟ್ಟಿದ್ರೆ ನನ್ನ ಕೈಲೂ ಆಗ್ತಿರಲಿಲ್ಲ." ಆಮೇಲೆ ಅವಳತ್ತ ತಿರುಗಿದರು. "ದಿನಾ ನೂರು ಜನಕ್ಕೆ ಹೇಳೋರು ನೀವು. ನಿಮ್ಮ ಮನೇಲೇ ಹೀಗಾ?"

ಅವಳು ಬೆಂಚಿನ ಮೇಲೆ ಮಗಳ ಪಕ್ಕದಲ್ಲಿ ಹೋಗಿ ಕೂತಳು.

"ಇನ್ಮೇಲೆ ಏನೇ ಆದ್ರೂ ನಂಗೆ ಹೇಳು ಪುಟ್ಟೀ. ಕೇಳ್ತೀನಿ."

ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳತೊಡಗಿತು. ಅಭ್ಯಾಸಬಲದಿಂದ ಅವಳು ಅರ್ಧ ಎದ್ದಳು.

ಮಗಳು ಮುಚ್ಚಿದ ಬಾಗಿಲಿನಿಂದ ಕಣ್ಣು ತೆಗೆಯದೆ ಕೇಳಿದಳು: "ಯಾವ ನಂಬರಿಗೆ ಹೇಳ್ಲಿ?"