ನಾಲ್ಕನೇ ಮೂಲೆ

ನೀಲಾಂಬಿಕ ಕೌದಿಯನ್ನು ಮಗುಚಿ, ಮೂಲೆ ಹಿಡಿದು ನೋಡಿದಳು. ಮತ್ತೊಮ್ಮೆ ನೋಡಿದಳು. ಅನುಮಾನವೇ ಇಲ್ಲ. ಹೊಲಿಗೆ ತಮ್ಮ ಮನೆಯದು, ಕೌದಿ ತಮ್ಮದಲ್ಲ.

"ಎಲ್ಲಿ ತಗೊಂಡ್ರಿ ಇದನ್ನ?"

ಹರಿದ ಅಂಚು ಸರಿಮಾಡಿಸಲು ಅದನ್ನು ಶಿಕಾರಿಪುರದ ಸಂತೆಗೆ ಹೊತ್ತು ತಂದಿದ್ದ ಹುಲಿಯಮ್ಮ, "ಸೊರಬದ ಸಂತೇಲಿ ಕಣ್ರೀ. ಒಬ್ಬ ಹೆಂಗಸು ಮಾರ್ತಾಳೆ. ನಿಮ್ಮೋರೇ ಇರಬೇಕು ಅನ್ಕೊಂಡಿದ್ದೆ," ಎಂದಳು.

ರಾಜ್ಯ ಒಂದಾದ ಮರುವರ್ಷದ ಮಾತು. ಬೆನಕಪ್ಪನ ಮನೆಯ ಕೌದಿಗೆ ಆಗ ಸುತ್ತಲ ಸಂತೆಗಳಲ್ಲೆಲ್ಲ ಹೆಸರಿತ್ತು. ಮಧ್ಯಾಹ್ನದ ಊಟ ಮುಗಿದರೆ ಪಡಸಾಲೆಯ ತುಂಬ ಹಳೆ ಸೀರೆ, ಪಂಚೆಗಳ ತುಂಡು ಹರಡಿ ಮನೆಮಂದಿಯೆಲ್ಲ ಕೂರುತ್ತಿದ್ದರು. ಮಗಳು ಸೂಜಿಗೆ ದಾರ ಪೋಣಿಸುವಳು. ಮಗ ತುಂಡುಗಳ ಮೇಲೆ ಉರುಳಾಡಿ ಬೈಸಿಕೊಳ್ಳುವನು. ಬೆನಕಪ್ಪ ಬಣ್ಣ ಜೋಡಿಸುವ ನೆಪದಲ್ಲಿ ಹೆಂಡತಿಯ ಪಕ್ಕಕ್ಕೆ ಸರಿಯುವನು.

ಮೂರು ಮೂಲೆ ನೀಲಾಂಬಿಕಳದು. ನಾಲ್ಕನೆಯದು ಅತ್ತೆ ಅಕ್ಕನಾಗಮ್ಮನವರದು. ಕೌದಿ ಹಸಿದುಕೊಂಡು ಮನೆ ಬಿಡಬಾರದು ಎಂದು ಅದರೊಳಗೆ ಚೂರು ರೊಟ್ಟಿ ಇಟ್ಟು, ಬೆನ್ನು ತಿರುಗಿಸಿ ಕೂತು ಅವರು ಮೂಲೆಯ ಬಾಯಿ ಹೊಲಿಯುತ್ತಿದ್ದರು. ಅತ್ತೆಯಿಂದ ಸೊಸೆಗೆ ಇಳಿದು ಬಂದ ಹೊಲಿಗೆ ಅದು. ಹೊರಗಿನವರಿಗೆ ಹೇಳಿಕೊಡುವಂತಿಲ್ಲ, ಹೆತ್ತ ಮಗಳಿಗೂ ಇಲ್ಲ.

ಮದುವೆಯಾದ ಈ ಒಂಬತ್ತು ವರ್ಷದಲ್ಲಿ ನೀಲಾಂಬಿಕ ಎಷ್ಟೋ ಸಲ ಕೇಳಿದ್ದಳು. "ಅದಕ್ಕಿನ್ನೂ ಕಾಲ ಬಂದಿಲ್ಲ ಕಣವ್ವ," ಎನ್ನುವುದೇ ಉತ್ತರ. ವಯಸ್ಸಾದವರಿಗೆ ಏನಾದರೊಂದು ಹಿಡಿತ ಬೇಕಲ್ಲ ಎಂದುಕೊಂಡು ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಉಳಿದಂತೆ ಅತ್ತೆ ಹೆತ್ತ ತಾಯಿಗಿಂತ ಹೆಚ್ಚು. ರಾಣೆಬೆನ್ನೂರಿನ ಕಡೆ ಸೋದರಮಾವನ ಮನೆಯಲ್ಲಿ, ತಾಯಿಯಿಲ್ಲದೆ ಬೆಳೆದ ಹುಡುಗಿ ಅವಳು. ಎರಡು ಬಾಣಂತನವನ್ನೂ ಅತ್ತೆಯೇ ಮಾಡಿದ್ದರು. ತಿಂಗಳಿಗೊಮ್ಮೆ ಸೊರಬದ ಹತ್ತಿರದ ಕುಪ್ಪಗಡ್ಡೆಯ ಹಳೇ ಮನೆಗೆ ದೀಪ ಹಚ್ಚಿ ಬರಲು ಹೋಗುವುದು ಬಿಟ್ಟರೆ ಆಕೆ ಸೊಸೆಯನ್ನು ಅಗಲುತ್ತಿರಲಿಲ್ಲ. ಮದುವೆಯ ವರ್ಷವೇ ಅವರು ಆ ಊರು ಬಿಟ್ಟು ಶಿಕಾರಿಪುರಕ್ಕೆ ಬಂದದ್ದು. ಒಮ್ಮೆ ನಾನೂ ಬರುತ್ತೇನೆ ಎಂದರೆ, "ಆ ಮನೇಲಿ ಏನೈತೆ ನಿನಗೆ ನೋಡೋಕೆ?" ಎನ್ನುತ್ತಿದ್ದರು.

ಹಾಗಿದ್ದರೆ ಹೊಲಿಗೆ ಹೊರಗೆ ಹೋದದ್ದು ಯಾರಿಂದ? ಚಿಕ್ಕಂದಿನಿಂದ ತಾಯಿಯ ಕೈ ನೋಡುತ್ತ ಬೆಳೆದವನು ಬೆನಕಪ್ಪನೊಬ್ಬನೇ. ಸೊರಬದ ಸಂತೆಗೆ ಹೋಗುವವನೂ ಅವನೊಬ್ಬನೇ. ಆ ದಿನದ ಬುತ್ತಿಗೆ ಮಾತ್ರ ನಾಲ್ಕು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಳ್ಳುವನು. ದುಡಿಯುವ ಗಂಡಸು, ಹಸಿವು ಜಾಸ್ತಿ ಎಂದುಕೊಂಡು ಅವಳು ಬೆಣ್ಣೆಯನ್ನೂ ಇಡುತ್ತಿದ್ದಳು. ಆ ರೊಟ್ಟಿ, ಬೆಣ್ಣೆ ಯಾರ ಬಾಯಿಗೆ ಹೋಗಿತ್ತೆಂದು ಈಗ ಹೊಳೆಯಿತು.

ಅತ್ತೆಯ ಹತ್ತಿರ ಹೇಳಿಕೊಂಡು ಅತ್ತಳು. ಅಕ್ಕನಾಗಮ್ಮ ಸೂಜಿ ಕೆಳಗಿಟ್ಟರು.

"ಬಿಟ್ಬಿಡವ್ವ. ಈ ಮನೇಲಿ ನಿನಗೇನು ಕಮ್ಮಿ ಆಗೈತೆ?"

"ಗಂಡನೇ ಪಾಲಾದ ಮೇಲೆ ಇನ್ನೇನು ಉಳೀತು ಅತ್ತೆ? ನೀವೇ ಬಂದು ಕಣ್ಣಾರೆ ನೋಡಿ. ಬರದಿದ್ರೆ ನಾನೊಬ್ಬಳೇ ಹೋಗ್ತೀನಿ."

"ಬರ್ತೀನಿ," ಎಂದರು ಅತ್ತೆ. "ಆದ್ರೆ ಅವನೊಬ್ಬನ್ನೇ ಬೈಬೇಡ."

ಹೆತ್ತ ಕರುಳು, ಇನ್ನೇನು ಹೇಳೀತು ಎಂದುಕೊಂಡಳು ನೀಲಾಂಬಿಕ.

ಸೊರಬದ ಸಂತೆಯ ದಿನ ಬೆನಕಪ್ಪ ಮೊದಲ ಬಸ್ಸಿಗೆ ಹೋದ. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇವರಿಬ್ಬರೂ ಎರಡನೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅತ್ತೆ ಅವಳ ಕೈ ಬಿಡಲಿಲ್ಲ. ಗಂಡ ಕೈಬಿಟ್ಟರೂ ಈ ಕೈ ತನ್ನದು ಎಂದು ಅವಳಿಗೆ ಧೈರ್ಯವಾಯಿತು.

ಸಂತೆಯಲ್ಲೂ ಕೈ ಬಿಡದೆ ಅತ್ತೆ ಮುಂದೆ, ಅವಳು ಹಿಂದೆ. ಮೆಣಸಿನಕಾಯಿ ರಾಶಿ ದಾಟಿ, ಬುಟ್ಟಿ ಮಾರುವವರ ಸಾಲು ದಾಟಿ, ಹುಣಸೆಮರದ ಬುಡಕ್ಕೆ ಬಂದರು. ಅಲ್ಲಿ ಹಗ್ಗದ ಮೇಲೆ ಕೌದಿಗಳು ಇಳಿಬಿದ್ದಿದ್ದವು. ಕೆಳಗೆ ಬೆನಕಪ್ಪ ಕೂತಿದ್ದ. ಬೆಳಿಗ್ಗೆ ಅವಳೇ ಕಟ್ಟಿಕೊಟ್ಟ ಬುತ್ತಿ ಬಿಚ್ಚಿತ್ತು. ಅವಳು ತಟ್ಟಿದ ರೊಟ್ಟಿಯನ್ನು ಒಬ್ಬ ಹೆಂಗಸು ಮುರಿದು ತಿನ್ನುತ್ತಿದ್ದಳು.

ಹೆಂಡತಿಯನ್ನು ಕಂಡ ಬೆನಕಪ್ಪ ಎದ್ದು ನಿಂತ.

ನೀಲಾಂಬಿಕ ಅವನ ಕಡೆ ನೋಡಲೇ ಇಲ್ಲ. ಯಾವಳೋ ಎಳೇ ಪ್ರಾಯದವಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ಇವಳಿಗೆ ನಲವತ್ತರ ಹತ್ತಿರ. ಕೆನ್ನೆಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಎಲ್ಲೋ ಕಂಡ ಮುಖ.

"ನಮ್ಮನೆ ಹೊಲಿಗೆ ಕದ್ದಿದ್ದು ಸಾಲದು ಅಂತ ಗಂಡನ್ನೂ ಕದ್ಯಾ? ಯಾರೇ ನಿನಗೆ ನಾಲ್ಕನೇ ಮೂಲೆ ಕಲಿಸಿದ್ದು? ಇವರೇನಾ?"

ಹೆಂಗಸು ಕೈ ಒರೆಸಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ನೀಲಾಂಬಿಕಳನ್ನು ದಾಟಿ ಬಂದು ಅಕ್ಕನಾಗಮ್ಮನವರ ಕಾಲು ಮುಟ್ಟಿದಳು.

ಅತ್ತೆ ಹಿಂದೆ ಸರಿಯಲಿಲ್ಲ. ಅವರ ಇನ್ನೊಂದು ಕೈ ಆ ತಲೆಯ ಮೇಲೆ ಹೋಯಿತು. "ಏಳು ಜಗದಾಂಬ," ಎಂದರು.

ನೀಲಾಂಬಿಕ ಅತ್ತೆಯ ಮುಖ ನೋಡಿದಳು. ಗಂಡನ ಮೋಸಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು, ಇದಕ್ಕಲ್ಲ. ಅಕ್ಕನಾಗಮ್ಮ ನೆಲ ನೋಡುತ್ತಿದ್ದರು. ಇಷ್ಟು ಹೊತ್ತು ಹಿಡಿದಿದ್ದ ಕೈಯನ್ನು ನೀಲಾಂಬಿಕ ಕೊಡವಿ ಬಿಡಿಸಿಕೊಂಡಳು.

"ಕದ್ದಿದ್ದಲ್ಲವ್ವ," ಎಂದಳು ಜಗದಾಂಬ ಮೆಲ್ಲಗೆ. "ನಾನು ಲಗ್ನ ಆಗಿ ಬಂದ ವರ್ಷ ಅತ್ತೇನೇ ಕಲಿಸಿದ್ದು. ಆ ಮೂಲೆ ಹಿರೀಸೊಸೆಗೇ ಸೇರಬೇಕಾದ್ದು. ನಿನಗೆ ಯಾರೂ ಹೇಳೇ ಇಲ್ವಾ?"

ಜಗದಾಂಬ ಒಮ್ಮೆ ಅತ್ತೆಯನ್ನು, ಒಮ್ಮೆ ಗಂಡನನ್ನು ನೋಡಿ, ಮತ್ತೆ ಅವಳ ಕಡೆ ತಿರುಗಿದಳು.

"ನನಗೆ ಮಕ್ಕಳಾಗಲಿಲ್ಲ ಅಂತ ಅತ್ತೆ ಜೊತೆ ನಿಮ್ಮ ಮಾವನ ಮನೆಗೆ ಹೆಣ್ಣು ಕೇಳೋಕೆ ಬಂದು, ನಿನ್ನ ತಲೆಗೆ ಹೂ ಮುಡಿಸಿದೋಳು ನಾನೇ. ಗುರುತು ಸಿಗಲಿಲ್ವಾ ತಂಗಿ?"