ಗಾಳಿಯಲ್ಲಿ ಪಲ್ಲವಿ

ಟಿವಿಯಲ್ಲಿ ಲೈವ್ ಬರುತ್ತಿದ್ದ ಖೋಖೋ ಫೈನಲ್‌ನ ಕೊನೆಯ ನಿಮಿಷದಲ್ಲಿ ಪಲ್ಲವಿ ಎದುರಾಳಿಯನ್ನು ಮುಟ್ಟಲು ಡೈವ್ ಹೊಡೆದಳು. ಅವಳ ಮೈ ಮ್ಯಾಟಿಗೆ ತಾಗುವ ಮೊದಲೇ, ಲಗ್ಗೆರೆಯ ಮನೆಯಲ್ಲಿ ಅವಳ ತಾಯಿ ಶಶಿಕಲಾ ರಿಮೋಟಿನ ಪಾಜ್ ಬಟನ್ ಒತ್ತಿಬಿಟ್ಟಳು. ಮಗಳದು ಹೋದ ವರ್ಷವಷ್ಟೇ ಆಪರೇಷನ್ ಆದ ಮೊಣಕಾಲು. ಇನ್ನೊಮ್ಮೆ ಪೆಟ್ಟಾದರೆ ಆಟ ಮರೆತುಬಿಡಿ ಎಂದಿದ್ದರು ಡಾಕ್ಟರು.

ಮಗಳ ಆಟ ರೆಕಾರ್ಡ್ ಮಾಡಲೆಂದೇ ಶಶಿಕಲಾಳ ಗಂಡ ನಾಗೇಂದ್ರ, ಲೈವ್ ಕೂಡ ನಿಲ್ಲಿಸಿ ನೋಡಬಹುದಾದ, ಹಾರ್ಡ್ ಡಿಸ್ಕ್ ಇರುವ ಈ ಸೆಟ್ ಟಾಪ್ ಬಾಕ್ಸ್ ತಂದಿದ್ದ. "ನೀನಿಲ್ಲಿ ನಿಲ್ಸಿದ್ರೆ ಅಲ್ಲಿ ಆಟ ನಿಲ್ಲುತ್ತೇನೇ?" ಎಂದ.

"ಸ್ವಲ್ಪ ಇರಿ ಅಂದೆ!" ಅವಳು ರಿಮೋಟನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೂ ಬಾಗಿಲಿಗೂ ಓಡಾಡಿದಳು. ಗೋಡೆಯಾಚೆ ನರಸಮ್ಮನವರ ಟಿವಿ ನಿಂತಿರಲಿಲ್ಲ. "ಅಯ್ಯಯ್ಯೋ!" ಎಂದು ಅವರು ಕೂಗಿದ್ದು ಕೇಳಿಸಿತು. ಆಮೇಲೆ ಸದ್ದಿಲ್ಲ. ಹೋಗಿ ಕೇಳೋಣವೆಂದು ಶಶಿಕಲಾ ಚಪ್ಪಲಿ ಮೆಟ್ಟಿದಳು, ಮತ್ತೆ ಬಿಟ್ಟಳು.

ಸ್ವಲ್ಪ ಹೊತ್ತಿಗೆ ಫೋನ್ ರಿಂಗಾಯಿತು. ನಾಗೇಂದ್ರನೇ ಸ್ಪೀಕರಿಗೆ ಹಾಕಿದ.

"ಅಮ್ಮಾ, ಗೆದ್ವಿ!"

"ಮೊಣಕಾಲು?"

"ಏನೂ ಆಗಿಲ್ಲ ಕಣಮ್ಮಾ, ಕುಣೀತಾ ಇದೀನಿ. ಟಿವೀಲಿ ನೋಡ್ಲಿಲ್ವಾ?"

ಶಶಿಕಲಾ ಟಿವಿಯತ್ತ ತಿರುಗಿ, ಸೆರಗಿನಿಂದ ರಿಮೋಟನ್ನು ಬಿಡಿಸಿಕೊಂಡಳು.

"ಇಲ್ಲ ಕಣೇ, ನೀನಿನ್ನೂ ಗಾಳೀಲೇ ಇದೀಯ. ಇರು, ಈಗ ಇಳಿಸ್ತೀನಿ."