ಮನೆಯ ಆರು ಮತ

"ಐಲರ್ಟ್ ಹಾರ್ಮ್ಸ್, ಮೂರು," ಎಂದು ಓದಿದ ಮತಗಟ್ಟೆಯ ಮುಖ್ಯಸ್ಥೆ ಗೇಶೆ, ಕನ್ನಡಕದ ಮೇಲಿನಿಂದ ಒಮ್ಮೆ ಇತ್ತ ನೋಡಿ, ಮುಂದಿನ ಹೆಸರಿಗೆ ಹೋದಳು.

ಉತ್ತರ ಜರ್ಮನಿಯ ಕಡಲ ಒಡ್ಡಿನಂಚಿನ ಆ ಊರಿನಲ್ಲಿ ಅಗ್ನಿಶಾಮಕದಳದ ಶೆಡ್ಡೇ ಮತಗಟ್ಟೆ. ಎಣಿಕೆ ನೋಡಲು ನಿಂತವರು ಐದಾರು ಮಂದಿ. ಟೋಮ್ಕೆ ಗೋಡೆಗೊರಗಿ ನಿಂತಿದ್ದಳು. ಪಕ್ಕದಲ್ಲಿ ಅವಳ ಗಂಡ ಐಲರ್ಟ್ ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು, ಬರೆದದ್ದನ್ನೇ ನೋಡುತ್ತ ನಿಂತ. ಅಲ್ಲಿ ಒಬ್ಬೊಬ್ಬ ಮತದಾರನಿಗೂ ಮೂರು ಮತ. ಬೇಕೆಂದರೆ ಮೂರನ್ನೂ ಒಬ್ಬರಿಗೇ ಕೊಡಬಹುದು. ಐಲರ್ಟ್ ತನ್ನ ಮೂರನ್ನು ಯಾರಿಗೆ ಕೊಟ್ಟಿದ್ದನೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಮೂರು ವಾರದ ಹಿಂದೆ ಟೋಮ್ಕೆ ಅಂಚೆ ಮತದ ಅರ್ಜಿ ತುಂಬುತ್ತಿದ್ದಾಗ ಅದನ್ನು ಮೇಜಿನಿಂದ ಎತ್ತಿಕೊಂಡವನು ಅವನೇ.

"ಬಟಾಟೆ ಸುಲಿಯೋ ಮೇಜಿನ ಮುಂದೆ ಕೂತು ಓಟು ಹಾಕ್ತೀಯಾ? ನನ್ನ ಹೆಂಡ್ತಿಯಾಗಿ?"

"ಮಂಡಿ ನೋವು ಮಾರಾಯ. ಊರಿಗೆ ಊರೇ ಅಂಚೇಲಿ ಹಾಕತ್ತೆ."

"ಹಾಕ್ಲಿ. ಅವೆಲ್ಲ ಪಟ್ಟಣದ ಪೆಟ್ಟಿಗೇಲಿ ಕಲಸಿಹೋಗತ್ತೆ, ಯಾವುದು ಎಲ್ಲಿಂದ ಬಂತು ಅಂತ ದೇವರಿಗೂ ಗೊತ್ತಾಗಲ್ಲ. ನಮ್ಮನೆ ಆರು ಓಟು ನಮ್ಮೂರ ಲೆಕ್ಕದಲ್ಲೇ ಕಾಣಬೇಕು."

ಇಪ್ಪತ್ತೈದು ವರ್ಷ ಊರಿನ ಮಂಡಳಿಯಲ್ಲಿದ್ದವನು ಅವನು. ಪಕ್ಷ ಈ ಸಲ ಕೈಬಿಟ್ಟಾಗ ಹಟಕ್ಕೆ ಬಿದ್ದು ಸ್ವತಂತ್ರನಾಗಿ ನಿಂತಿದ್ದ. ಪ್ರತಿ ಸಭೆಯಿಂದಲೂ ಮುಖ ಕೆಂಪೇರಿಸಿಕೊಂಡು ಬರುವುದು, ಬಾಗಿಲು ಬಡಿಯುವುದು, ನಾಲಗೆಯಡಿಗೆ ಮಾತ್ರೆ. ಅವನ ಉಸಿರು ಹದಕ್ಕೆ ಬರುವ ತನಕ ಅವಳು ಪಕ್ಕದಲ್ಲಿ ಕೂತಿರಬೇಕು. ಇಂದು ಬೆಳಿಗ್ಗೆ ಮರೆಯ ಹಿಂದೆ ಅವಳ ಪೆನ್ಸಿಲು ಅವನ ಹೆಸರಿನ ಮುಂದೆ ಬಹಳ ಹೊತ್ತು ತಡೆದು ನಿಂತಿತ್ತು. ಗೆದ್ದರೆ ಇನ್ನೈದು ವರ್ಷ ಇದೇ, ಎಂದುಕೊಂಡಳು. ಪೆನ್ಸಿಲು ಕೆಳಗಿಳಿದು, ಮೂರೂ ಗುರುತುಗಳನ್ನು ಇನ್ನೊಂದು ಹೆಸರಿನ ಮುಂದೆ ಹಾಕಿತು. ಹೊರಬಂದಾಗ "ಹಾಕಿದ್ಯಾ?" ಎಂದು ಅವನು ಕೇಳಿದ್ದ. "ಹಾಕ್ದೆ," ಎಂದು ಅವನ ತೋಳು ಹಿಡಿದುಕೊಂಡಿದ್ದಳು.

ಗೇಶೆಯ ಫೋನು ಸದ್ದು ಮಾಡಿತು, ಪಟ್ಟಣದ ಎಣಿಕೆ. "ಅಂಚೇಲಿ ಹಾಕಿದವರು ನಿನ್ನ ಪೂರ್ತಿ ಮರೆತಿಲ್ಲ ಐಲರ್ಟ್. ಅಲ್ಲಿ ನಲವತ್ತೊಂದು. ಆದ್ರೂ ಸೀಟಿಗೆ ಸಾಲದು." ಐಲರ್ಟ್ ಗೇಶೆಯ ಕೈ ಕುಲುಕಿ, ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಇಬ್ಬರೂ ಮನೆಯತ್ತ ಹೊರಟರು. ಟೋಮ್ಕೆಯ ಮಂಡಿ ನೋಯುತ್ತಿತ್ತು. ಅವನು ಅದಕ್ಕೆ ತಕ್ಕಂತೆ ನಿಧಾನವಾಗಿಯೇ ನಡೆದ.

ಅವಳು ಚಹಾ ಮಾಡಿದಳು. ಬಟ್ಟಲಿನ ತಳದ ಕಲ್ಲುಸಕ್ಕರೆ ಬಿಸಿಗೆ ಚಿಟಚಿಟನೆ ಬಿರಿಯಿತು. ಮೇಲೆ ಕೆನೆ ಬಿಟ್ಟಳು. ಕುಡಿಯುವವರು ಸಾಕೆಂದು ಚಮಚವನ್ನು ಬಟ್ಟಲೊಳಗೆ ಇಡುವ ತನಕ ಸುರಿಯುತ್ತಲೇ ಇರುವುದು ಅಲ್ಲಿಯ ರೂಢಿ. ಐಲರ್ಟ್ ಮೂರನೆಯ ಬಟ್ಟಲಿಗೆ ಮೊದಲು ಎಂದೂ ಹಾಗೆ ಇಟ್ಟವನಲ್ಲ.

"ಮುಂದಿನ ಸಲ ನೀನು ಅಂಚೇಲೇ ಹಾಕು ಟೋಮ್ಕೆ," ಎಂದ ಅವನು, ಕಿಟಕಿಯತ್ತ ನೋಡುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು.

"ಮುಂದಿನ ಸಲಾನೂ ನಿಲ್ತೀಯಾ?"

ಅವನು ಉಳಿದ ಚಹಾವನ್ನು ಕುಡಿದು ಮುಗಿಸಿದ. ಅವಳು ಎರಡನೆಯ ಸಲ ಸುರಿಯಲು ಕೆಟಲು ಎತ್ತಿದಳು. ಐಲರ್ಟ್ ತಟ್ಟೆಯ ಅಂಚಿನಿಂದ ಚಮಚವನ್ನು ತೆಗೆದು, ಬರಿದಾದ ಬಟ್ಟಲೊಳಗೆ ಸದ್ದಾಗದಂತೆ ಇಟ್ಟ.